ಮಂಕಾದ ಹ್ಯಾಟೆಗೆ ಏನು ಮಾಡಬೇಕು?

ರೈತ ಬಾಂಧವರೇ, ಅದಕ್ಕಿಂತ ಹೆಚ್ಚಾಗಿ ಮನೆಯ ತಾಯಂದಿರೇ, ಇಂದಿನ ಮಾತು ನಿಮಗೆ. ಹಿತ್ತಿಲಿನ ಹತ್ತು ಹನ್ನೆರಡು ಕೋಳಿ ಅಂದರೆ ನಿಮ್ಮ ಕೈಗಂಟು. ಮಗುವಿನ ಪುಸ್ತಕಕ್ಕೆ, ಹಬ್ಬದ ಬಳೆಗೆ ಅದರಿಂದಲೇ ಕಾಸು. ಆ ಗಂಟು ಒಂದೇ ವಾರದಲ್ಲಿ ಕರಗಿಹೋಗುವುದೂ ಉಂಟು.

ಬೆಳಿಗ್ಗೆ ಗೂಡು ತೆಗೆದಾಗ ಎಲ್ಲ ಕೋಳಿಗಳೂ ತಿಪ್ಪೆಗೆ ಓಡುತ್ತವೆ. ಒಂದು ಹ್ಯಾಟೆ ಮಾತ್ರ ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಮೂಲೆಯಲ್ಲೇ ನಿಂತಿರುತ್ತದೆ. "ನಾಳೆ ನೋಡೋಣ ಬಿಡಿ" ಅನ್ನಬೇಡಿ. ರೋಗ ಯಾವುದೆಂಬ ವಿಚಾರ ಆಮೇಲೆ. ಮೊದಲು ಅದನ್ನು ಬೇರೆ ಮಾಡಿ. ಕಾವಿಗೆ ಕೂತ ಹ್ಯಾಟೆಯೂ ಗರಿ ಉಬ್ಬಿಸುತ್ತದೆ, ನಿಜ. ಆದರೆ ಕೈ ಹಾಕಿದರೆ ಕುಕ್ಕಲು ಬರುತ್ತದೆ! ರೋಗದ ಕೋಳಿಗೆ ಆ ಸಿಟ್ಟು ಎಲ್ಲಿಂದ ಬರಬೇಕು?

ಗಾಳಿ ಹೊಡೆಯದ ಬೆಚ್ಚನೆಯ ಜಾಗದಲ್ಲಿ ಒಣಹುಲ್ಲು ಹಾಸಿ, ದೊಡ್ಡ ಮಂಕರಿ ಕವುಚಿ ಅದರೊಳಗೆ ಬಿಡಿ. ಶುದ್ಧ ನೀರು, ತೆಳು ಗಂಜಿ ಎದುರಿಗಿಡಿ. ಬಾಯಿ ಬಿಡಿಸಿ ನೀರು ಸುರಿಯಬೇಡಿ. ಅದು ಉಸಿರಿನ ನಾಳಕ್ಕೆ ಇಳಿದು ಕೋಳಿ ಸತ್ತೇಹೋದೀತು. ಗಟ್ಟಿ ಕೋಳಿಗಳಿಗೆ ಮೊದಲು ಮೇವು ಹಾಕಿ, ಇದರ ಹತ್ತಿರ ಕಡೆಗೆ ಹೋಗಿ, ಕೈ ತೊಳೆದುಕೊಳ್ಳಿ. ರೆಕ್ಕೆಯ ಸಂದಿಯಲ್ಲಿ, ಬಾಲದ ಬುಡದಲ್ಲಿ ಗರಿ ಸರಿಸಿ ನೋಡಿ. ಬರೀ ಹೇನಿನ ಕಾಟದಿಂದಲೇ ಸೊರಗಿದ ಕೋಳಿಗಳು ಬೇಕಾದಷ್ಟಿವೆ.

ಆದರೆ ಹಸಿರು ಹಿಕ್ಕೆ, ಬಾಯಿ ತೆರೆದು ಏದುಸಿರು, ಜೋತುಬಿದ್ದ ರೆಕ್ಕೆ, ತಿರುಚಿದ ಕತ್ತು ಕಂಡರೆ ಕೊಕ್ಕರೆ ರೋಗದ ಅನುಮಾನ ಬರಬೇಕು. ಕುಮಾಯೂನ್ ಬೆಟ್ಟಸೀಮೆಯ ರಾಣಿಖೇತ್‌ನಲ್ಲಿ 1927ರಲ್ಲಿ ಇದು ಕಾಣಿಸಿಕೊಂಡದ್ದರಿಂದ ರಾಣಿಖೇತ್ ರೋಗ ಅಂತಲೂ ಹೇಳುತ್ತಾರೆ. ಇದನ್ನು ವಾಸಿಮಾಡುವ ಔಷಧ ಇಲ್ಲ. ಬೆಳ್ಳುಳ್ಳಿ, ಅರಿಸಿನ ತಿನ್ನಿಸಿ ಕಾಯುತ್ತ ಕೂತರೆ ಅಷ್ಟರಲ್ಲಿ ಪಕ್ಕದ ಮನೆಯ ಗೂಡಿಗೂ ಹತ್ತಿರುತ್ತದೆ. ಪಶು ಆಸ್ಪತ್ರೆಗೆ ಕೂಡಲೇ ತಿಳಿಸಿ.

ಇನ್ನೊಂದು ಮಾತು, ಸ್ವಲ್ಪ ಖಾರವಾದರೂ ಹೇಳಲೇಬೇಕು. ಕೋಳಿ ತೂಕಡಿಸಿದ ಕೂಡಲೇ "ಸಾಯುವುದರೊಳಗೆ ನಾಲ್ಕು ಕಾಸು ಬರಲಿ" ಎಂದು ಸಂತೆಗೆ ಒಯ್ಯುವವರಿದ್ದಾರೆ. ಕೊಂಡವನು ಅದನ್ನು ತನ್ನ ಊರಿಗೆ ಒಯ್ಯುತ್ತಾನೆ, ರೋಗವೂ ಜೊತೆಗೇ ಹೋಗುತ್ತದೆ. ಕೊಯ್ದು ಪುಕ್ಕ, ಕರುಳು ತಿಪ್ಪೆಗೆ ಎಸೆದರೂ ಅಷ್ಟೇ. ನಿಮ್ಮ ಕೋಳಿಗಳೇ ಅದನ್ನು ಕೆದಕುತ್ತವೆ. ಸತ್ತದ್ದನ್ನು ಮೂರು ಅಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಒಂದೇ ಸಲಕ್ಕೆ ಹಲವು ಸತ್ತರೆ ಹಕ್ಕಿಜ್ವರವೂ ಇರಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ವೈದ್ಯರು ಬರುವ ತನಕ ಮಕ್ಕಳನ್ನು ದೂರವಿಡಿ.

ಲಸಿಕೆ ಹಾಕಿಸಬೇಕಾದ್ದು ಗಟ್ಟಿಯಾಗಿರುವ ಕೋಳಿಗೆ, ಮಂಕಾದದ್ದಕ್ಕಲ್ಲ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಲಸಿಕೆ, ಎಂಟು ವಾರದ ಹೊತ್ತಿಗೆ ರೆಕ್ಕೆಯ ಚರ್ಮದಡಿ ಆರ್‌2ಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯ ಮೇಲಿರಬೇಕು. ಹತ್ತು ಕೋಳಿಗೆಂದು ಯಾರು ಸೀಸೆ ಒಡೆದಾರು? ಆದ್ದರಿಂದ ಕೇರಿಯವರೆಲ್ಲ ಮಾತಾಡಿಕೊಂಡು ಎಷ್ಟು ಕೋಳಿ, ಎಷ್ಟು ಮರಿ ಎಂದು ಲೆಕ್ಕ ಬರೆದು ಆಸ್ಪತ್ರೆಗೆ ಕೊಡಿ. ಅವರು ಬರುವ ದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯಬೇಡಿ. ಒಮ್ಮೆ ಹೊರಗೆ ಬಿಟ್ಟ ಹುಂಜವನ್ನು ಹಿಡಿಯುವುದರಲ್ಲೇ ಆ ಎರಡು ಗಂಟೆ ಕಳೆದುಹೋಗುತ್ತದೆ.