ಪಟ್ಟಿಗೆ ಪಟ್ಟೆ ಹಾಕುವುದು ಹೇಗೆ?

60 ವಿದ್ಯಾರ್ಥಿಗಳ ಅಂಕಪಟ್ಟಿ ಕಂಪ್ಯೂಟರ್ ಪರದೆಯ ಮೇಲಿದೆ ಎಂದುಕೊಳ್ಳಿ. ಎಡಗಡೆ ಹೆಸರು, ಬಲಗಡೆ ಕೊನೆಯಲ್ಲಿ ಒಟ್ಟು ಅಂಕ, ನಡುವೆ ಆರು ಕಾಲಂ. ಹೆಸರಿನಿಂದ ಅಂಕದವರೆಗೆ ಹೋಗುವಷ್ಟರಲ್ಲಿ ಕಣ್ಣು ಒಂದು ಸಾಲು ಕೆಳಗೆ ಜಾರುತ್ತದೆ. ಪಾಸಾದವರನ್ನು ಫೇಲ್ ಎಂದು ಓದಿಬಿಡಲು ಅಷ್ಟು ಸಾಕು. ಲೆಡ್ಜರ್ ಬರೆಯುವ ನಾವು ಕಾಮರ್ಸ್‌ನವರು ಅದಕ್ಕೇ ಸ್ಕೇಲ್ ಇಟ್ಟು ಓದುತ್ತೇವೆ.

ಹಿಂದೆ ದೊಡ್ಡ ಕಂಪ್ಯೂಟರ್‌ಗಳ ಪ್ರಿಂಟರ್‌ಗೆ ಹಾಕುತ್ತಿದ್ದ ಉದ್ದನೆಯ ಕಾಗದದಲ್ಲೇ ತಿಳಿ ಹಸಿರು ಮತ್ತು ಬಿಳಿ ಪಟ್ಟೆಗಳು ಇರುತ್ತಿದ್ದವು. ವೆಬ್ ಪುಟದಲ್ಲಿ ಆ ಪಟ್ಟೆಯನ್ನು ನಾವೇ ಹಾಕಬೇಕು.

ಕೋಡ್ ಮೂಲಕ ಪಟ್ಟಿ ತಯಾರಿಸುವಾಗ ಒಂದು ಲೂಪ್ ಪ್ರತಿ ವಿದ್ಯಾರ್ಥಿಗೂ ಒಂದು ಸಾಲು ಬರೆಯುತ್ತದೆ. ಸಾಲಿನ ಸಂಖ್ಯೆಯನ್ನು 2ರಿಂದ ಭಾಗಿಸಿ. ಶೇಷ 0 ಬಂದರೆ ತಿಳಿ ಬೂದು, 1 ಬಂದರೆ ಬಿಳಿ. ಪೈಥಾನ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಮೂರರಲ್ಲೂ ಶೇಷ ಕೊಡುವುದು ಶೇಕಡಾ ಚಿಹ್ನೆ. ಶೇಕಡಾ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ, ಗಾಬರಿಯಾಗಬೇಡಿ.

ತೊಂದರೆ ಬರುವುದು ಕೆಲವರನ್ನು ಬಿಟ್ಟು ಪಟ್ಟಿ ಮಾಡುವಾಗ. ಶುಲ್ಕ ಬಾಕಿ ಇರುವವರನ್ನು ಮಾತ್ರ ತೋರಿಸಬೇಕು. 2ನೆಯವರದು ಮತ್ತು 4ನೆಯವರದು ಬಾಕಿ ಇದೆ, 3ನೆಯವರು ಕಟ್ಟಿದ್ದಾರೆ. ಲೂಪ್ 3ನ್ನು ದಾಟಿ ಹೋಗುತ್ತದೆ, ಎರಡು ಬೂದು ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಟ್ಟೆಯೇ ಇಲ್ಲದ ಪಟ್ಟಿಗಿಂತ ಇದು ಕೆಟ್ಟದ್ದು ಎಂದು ನನಗನ್ನಿಸುತ್ತದೆ. ಯಾಕೆಂದರೆ ಓದುವವರು ಬಣ್ಣವನ್ನು ನಂಬಿರುತ್ತಾರೆ, ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಹಾಗಾಗಿ ವಿದ್ಯಾರ್ಥಿಯ ಕ್ರಮಸಂಖ್ಯೆಯನ್ನು ಭಾಗಿಸಬಾರದು. ಬೇರೆಯೇ ಒಂದು ಎಣಿಕೆ ಇಟ್ಟುಕೊಂಡು, ಸಾಲು ನಿಜವಾಗಿ ಬರೆದಾಗ ಮಾತ್ರ ಅದಕ್ಕೆ 1 ಕೂಡಿಸಬೇಕು.

ಇನ್ನೂ ಸುಲಭದ ದಾರಿ, ಬಣ್ಣದ ಕೆಲಸವನ್ನು ಸಿಎಸ್‌ಎಸ್‌ಗೆ ಬಿಡುವುದು. ಅದರಲ್ಲಿ ಎನ್‌ತ್-ಚೈಲ್ಡ್ ಎಂಬ ಸೆಲೆಕ್ಟರ್ ಇದೆ. ಅದಕ್ಕೆ ಈವನ್ ಎಂದು ಕೊಟ್ಟರೆ ಸಮಸಂಖ್ಯೆಯ ಸಾಲುಗಳನ್ನು ಬ್ರೌಸರ್ ತಾನೇ ಎಣಿಸಿ ಬಣ್ಣ ಹಾಕುತ್ತದೆ. ಬರೆಯದೆ ಬಿಟ್ಟ ಸಾಲು ಅದರ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಬರೆದ ಮೇಲೆ ಮರೆಮಾಡಿದ ಸಾಲನ್ನು ಅದು ಎಣಿಸುತ್ತದೆ. ಪುಟದಲ್ಲಿ ಹುಡುಕುವ ಪೆಟ್ಟಿಗೆ ಇಟ್ಟು ಸಾಲುಗಳನ್ನು ಮರೆಮಾಡಿದರೆ ಹಳೆಯ ತೊಂದರೆ ಮತ್ತೆ ಹಾಜರ್.

ಉರ್ದು ಪಟ್ಟಿಯಾದರೆ ಕಾಲಂಗಳು ಬಲದಿಂದ ಶುರುವಾಗುತ್ತವೆ. ಸಾಲುಗಳು ಮಾತ್ರ ಮೇಲಿಂದ ಕೆಳಕ್ಕೇ, ಪಟ್ಟೆಯ ಕೋಡ್ ಬದಲಿಸಬೇಕಿಲ್ಲ.

ನೋಟಿಸ್ ಬೋರ್ಡಿಗೆ ಪ್ರಿಂಟ್ ತೆಗೆಯುವವರು ಒಂದು ನೋಡಿಕೊಳ್ಳಿ: ನಾವು ಹೇಳದಿದ್ದರೆ ಬ್ರೌಸರ್‌ಗಳು ಸಾಮಾನ್ಯವಾಗಿ ಹಿನ್ನೆಲೆ ಬಣ್ಣವನ್ನು ಪ್ರಿಂಟ್ ಮಾಡುವುದಿಲ್ಲ. ಪ್ರತಿ ಸಾಲಿನ ಕೆಳಗೂ ಒಂದು ತೆಳು ಗೆರೆ ಹಾಕಿಡಿ.