ಯಜಮಾನರಿಗೇ ಗೊತ್ತಿರದ ಮೂರು ವೆಬ್ ಪುಟಗಳು

2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟೆಲಿಕಾಂ ಕಂಪನಿ ಟಾಕ್‌ಟಾಕ್‌ಗೆ ಕನ್ನ ಬಿತ್ತು. 1,56,959 ಗ್ರಾಹಕರ ಹೆಸರು, ವಿಳಾಸ, ಹುಟ್ಟಿದ ದಿನ, ಫೋನ್ ನಂಬರ್ ಕಳ್ಳರ ಪಾಲಾದವು. ಅವರಲ್ಲಿ 15,656 ಮಂದಿಯ ಬ್ಯಾಂಕ್ ಖಾತೆ ವಿವರವೂ ಹೋಯಿತು. ಭಯೋತ್ಪಾದಕರ ಕೈವಾಡ ಎಂಬ ವದಂತಿಯೂ ಎದ್ದಿತ್ತು. ಕೊನೆಗೆ ಸೈಟಿನಲ್ಲಿದ್ದ ದೋಷವನ್ನು ಪತ್ತೆಹಚ್ಚಿದ್ದು ತಾನೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡವನು ನಾರ್ವಿಚ್‌ನ ಒಬ್ಬ ಹದಿಹರೆಯದ ಹುಡುಗ. ಗೆಳೆಯರ ಮುಂದೆ ಜಂಬ ಕೊಚ್ಚಿಕೊಳ್ಳಲು ಹೀಗೆ ಮಾಡಿದೆನೆಂದ.

ಆ ದೋಷದ ಹೆಸರು ಎಸ್‌ಕ್ಯುಎಲ್ ಇಂಜೆಕ್ಷನ್. ಹ್ಯಾಕರ್‌ಗಳ ಪತ್ರಿಕೆ ‘ಫ್ರ್ಯಾಕ್’ 1998ರಲ್ಲೇ ಇದನ್ನು ವಿವರಿಸಿತ್ತು. ಹುಡುಗನಿಗೂ ಆ ಲೇಖನಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು!

ಸೈಟಿನ ಹುಡುಕಾಟದ ಜಾಗದಲ್ಲಿ ನೀವು ರಮೇಶ ಎಂದು ಟೈಪ್ ಮಾಡುತ್ತೀರಿ. ಹಿಂದಿರುವ ಪ್ರೋಗ್ರಾಂ ಅದನ್ನು ತನ್ನ ಆಜ್ಞೆಯ ಬಾಲಕ್ಕೆ ಅಂಟಿಸಿ ಡೇಟಾಬೇಸ್‌ಗೆ ದಾಟಿಸುತ್ತದೆ. ಎಸ್‌ಕ್ಯುಎಲ್ ಭಾಷೆಯ ಆ ಆಜ್ಞೆಯನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ: ಗ್ರಾಹಕರನ್ನು ತೋರಿಸು, ಷರತ್ತು: ಹೆಸರು = 'ರಮೇಶ'. ಈಗ ಕಿಡಿಗೇಡಿಯೊಬ್ಬ ಅದೇ ಜಾಗದಲ್ಲಿ ರಮೇಶ' ಅಥವಾ '1'='1 ಎಂದು ತುಂಬುತ್ತಾನೆ. ಷರತ್ತು ಹೀಗಾಗುತ್ತದೆ: ಹೆಸರು = 'ರಮೇಶ' ಅಥವಾ '1'='1'. ಒಂದು ಯಾವತ್ತಿದ್ದರೂ ಒಂದೇ ತಾನೆ? ಪಟ್ಟಿಯ ಪ್ರತಿ ಸಾಲೂ ಷರತ್ತಿಗೆ ಒಪ್ಪುತ್ತದೆ, ಇಡೀ ಪಟ್ಟಿ ಹೊರಬೀಳುತ್ತದೆ. ಚೆಕ್ಕಿನಲ್ಲಿ ಮೊತ್ತದ ಮುಂದೆ ‘ಮಾತ್ರ’ ಎಂದು ಬರೆಯದೆ ಬಿಟ್ಟರೆ ಇನ್ನೊಬ್ಬರು ಅಲ್ಲಿ ತಮ್ಮ ಮಾತು ಸೇರಿಸಿದ ಹಾಗೆ ಇದು. ಡೇಟಾಬೇಸ್‌ಗೆ ಯಾವುದು ಒಡೆಯನ ಮಾತು, ಯಾವುದು ಅತಿಥಿಯದು ಎಂದು ತಿಳಿಯುವುದಿಲ್ಲ.

ತಕ್ಷಣಕ್ಕೆ ಹೊಳೆಯುವ ಉಪಾಯ ಆ ' ಚಿಹ್ನೆಯನ್ನೇ ನಿಷೇಧಿಸುವುದು. ಆದರೆ ಹೆಸರಿನಲ್ಲೇ ಆ ಚಿಹ್ನೆ ಇಟ್ಟುಕೊಂಡ ಮಂಗಳೂರಿನ ಡಿ'ಸೋಜರೂ ಡಿ'ಸಿಲ್ವರೂ ಏನು ಮಾಡಬೇಕು? ಅಂಕಿಗಳಿಗೆ ಆ ಚಿಹ್ನೆಯ ಆವರಣವೇ ಇರುವುದಿಲ್ಲ, ಹಾಗಾಗಿ ಅಲ್ಲಿ ಅದಿಲ್ಲದೆಯೂ ದಾಳಿ ನಡೆಯುತ್ತದೆ. ಇಂಥ ಜರಡಿಗಳನ್ನು ನಂಬಿ ಕೂರುವುದು ದಂಡ.

ನಿಜವಾದ ಮದ್ದು ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಹೆಸರು ಬರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಆಜ್ಞೆಯನ್ನಷ್ಟೇ ಮೊದಲು ಕಳಿಸಬೇಕು. ಡೇಟಾಬೇಸ್ ಅದರ ಅರ್ಥ ಬಿಡಿಸಿಕೊಂಡು ಮುಗಿಸಿದ ಮೇಲೆ ಹೆಸರು ಬೇರೆಯಾಗಿ ಹೋಗುತ್ತದೆ. ಆಮೇಲೆ ಬರುವುದು ಏನೇ ಇರಲಿ, ಅದು ಬರೀ ಹೆಸರು. ಜಾವಾ, ಪಿಎಚ್‌ಪಿ, ಪೈಥಾನ್ ಎಲ್ಲದರಲ್ಲೂ ಈ ಸೌಲಭ್ಯವಿದೆ, ಬಿಡಿಗಾಸಿನ ಖರ್ಚಿಲ್ಲ. ಒಂದು ಕೊರತೆ ಉಂಟು: ಟೇಬಲ್ಲಿನ ಹೆಸರು, ಯಾವ ಕಾಲಮ್ಮಿನ ಪ್ರಕಾರ ಜೋಡಿಸಬೇಕು ಎಂಬಂಥವನ್ನು ಹೀಗೆ ಬೇರೆಯಾಗಿ ಕಳಿಸಲಾಗದು. ಅವನ್ನು ಮೊದಲೇ ಗೊತ್ತುಮಾಡಿದ ಪಟ್ಟಿಯಿಂದಷ್ಟೇ ಆರಿಸಬೇಕು. ಜೊತೆಗೆ, ಓದಿದರೆ ಸಾಕಾದ ಪುಟಕ್ಕೆ ಡೇಟಾಬೇಸಿನಲ್ಲಿ ಅಳಿಸುವ ಅಧಿಕಾರ ಕೊಡಬಾರದು. ಪಾಸ್‌ವರ್ಡ್‌ಗಳನ್ನು ಇದ್ದಹಾಗೇ ಇಡಬಾರದು. 2009ರಲ್ಲಿ ಇದೇ ದೋಷದಿಂದ ರಾಕ್‌ಯು ಕಂಪನಿಯ 3.2 ಕೋಟಿ ಪಾಸ್‌ವರ್ಡ್‌ಗಳು ಹೋದಾಗ ಅವೆಲ್ಲ ಬರೀ ಕಣ್ಣಿಗೆ ಓದಲು ಬರುವಂತಿದ್ದವು.

ಮದ್ದು ಇಷ್ಟು ಅಗ್ಗವಾಗಿದ್ದರೂ ಟಾಕ್‌ಟಾಕ್ ಯಾಕೆ ಬಿತ್ತು? ಬ್ರಿಟನ್ನಿನ ಮಾಹಿತಿ ಆಯುಕ್ತರ ತನಿಖೆ ಹೇಳಿದ್ದು ಮನೆವಾರ್ತೆಯ ಕಥೆಯನ್ನೇ. 2009ರಲ್ಲಿ ಟಾಕ್‌ಟಾಕ್, ಟಿಸ್ಕಾಲಿ ಕಂಪನಿಯ ಬ್ರಿಟನ್ ವ್ಯವಹಾರ ಕೊಂಡಾಗ ಮೂರು ಹಳೆಯ ವೆಬ್ ಪುಟಗಳೂ ಜೊತೆಗೆ ಬಂದಿದ್ದವು. ಅವು ಇನ್ನೂ ಜೀವಂತವಿವೆ ಎಂಬುದೇ ಕಂಪನಿಗೆ ಗೊತ್ತಿರಲಿಲ್ಲ. ಅವುಗಳ ಹಿಂದಿದ್ದ ಡೇಟಾಬೇಸ್ ತಂತ್ರಾಂಶದ ದೋಷಕ್ಕೆ ದಾಳಿಗಿಂತ ಮೂರೂವರೆ ವರ್ಷ ಮೊದಲೇ ಪ್ಯಾಚ್ ಬಂದಿತ್ತು, ಯಾರೂ ಹಾಕಿರಲಿಲ್ಲ. 2015ರ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಇದೇ ಬಗೆಯ ದಾಳಿ ನಡೆದದ್ದೂ ಕಂಪನಿಯ ಕಣ್ಣಿಗೆ ಬೀಳಲಿಲ್ಲ. 2016ರಲ್ಲಿ 4 ಲಕ್ಷ ಪೌಂಡ್ ದಂಡ ಬಿತ್ತು. ನನ್ನ ಲೆಕ್ಕದಲ್ಲಿ ಇಲ್ಲಿ ಹುಡುಗನ ಚಾಣಾಕ್ಷತನಕ್ಕಿಂತ ಯಜಮಾನರ ಉದಾಸೀನವೇ ದೊಡ್ಡದು.

ನಮ್ಮಲ್ಲಿ ಸಹಕಾರ ಸಂಘ, ಕಾಲೇಜುಗಳ ಸೈಟುಗಳೂ ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ. ಅಂಥದೊಂದು ನಿಮ್ಮ ಸುಪರ್ದಿಯಲ್ಲಿದ್ದರೆ ಡೆವಲಪರ್‌ನನ್ನು ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ: ನಮ್ಮ ಹೆಸರಿನಲ್ಲಿ ಯಾವ ಯಾವ ಪುಟಗಳು ಈಗಲೂ ಚಾಲ್ತಿಯಲ್ಲಿವೆ? ಅವುಗಳಲ್ಲಿ ಎಷ್ಟು ಕಡೆ ಗ್ರಾಹಕರು ಟೈಪ್ ಮಾಡಿದ್ದನ್ನು ನೇರವಾಗಿ ಆಜ್ಞೆಗೆ ಅಂಟಿಸಿದ್ದೀರಿ? ಮೊದಲ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಎರಡನೆಯದನ್ನು ಕೇಳಿ ಪ್ರಯೋಜನವಿಲ್ಲ.