ಅಪ್ಪನ ಸ್ಟುಡಿಯೊ ಪರದೆ, ನನ್ನ ಎಕ್ಸೆಲ್ ಶೀಟ್

ನಮ್ಮ ಊರಿನ ಅರ್ಧ ಜನ ಸ್ವಿಟ್ಜರ್ಲೆಂಡ್‌ಗೆ ಹೋಗಿ ಬಂದಿದ್ದಾರೆ! ನಂಬಿಕೆ ಬಾರದಿದ್ದರೆ ಯಾರ ಮನೆಯ ಹಳೇ ಆಲ್ಬಂ ಬೇಕಾದರೂ ತೆಗೆದು ನೋಡಿ. ಹಿಂದೆ ಹಿಮ ಮುಚ್ಚಿದ ಬೆಟ್ಟ, ಅದರ ಕೆಳಗೆ ನೀಲಿ ಸರೋವರ, ಮುಂದೆ ಪ್ಲಾಸ್ಟಿಕ್ ಹೂವಿನ ಕುಂಡದ ಪಕ್ಕ ಹೊಸ ರೇಷ್ಮೆ ಸೀರೆ ಉಟ್ಟು ನಿಂತ ಯಾರದೋ ಅತ್ತೆ. ಅದು ಅಪ್ಪನ ಸ್ಟುಡಿಯೊದ ಪರದೆ. ಇಪ್ಪತ್ತೇಳು ವರ್ಷ ಅಪ್ಪ ಆ ಪರದೆಯ ಮುಂದೆ ಜನರನ್ನು ನಿಲ್ಲಿಸಿ ‘ಸ್ವಲ್ಪ ಗಲ್ಲ ಎತ್ತಿ’ ಅಂದಿದ್ದಾರೆ. ನಿಜವಾದ ಹಿಮವನ್ನು ಮಾತ್ರ ಒಂದು ದಿನವೂ ನೋಡಿಲ್ಲ.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಸ್ಟುಡಿಯೊಗೆ ಬರುವವರು ಪಾಸ್‌ಪೋರ್ಟ್ ಸೈಜ್ ಫೋಟೊಗೆ ಮಾತ್ರ. ಮುಂದಿನ ಮಾರ್ಚ್‌ಗೆ ಅಂಗಡಿಯ ಬಾಡಿಗೆ ಕರಾರು ಮುಗಿಯುತ್ತದೆ, ಮುಂದುವರಿಸಲ್ಲ ಅಂತ ಅಪ್ಪ ಹೇಳಿಬಿಟ್ಟಿದ್ದಾರೆ. ಹೇಳುವಾಗ ಬೇಜಾರು ತೋರಿಸಿಕೊಳ್ಳಲಿಲ್ಲ. ‘ಲೈಟ್ ಸ್ಟ್ಯಾಂಡ್ ಯಾರಾದ್ರೂ ತಗೋತಾರಾ ಕೇಳು, ಆನ್‌ಲೈನ್‌ನಲ್ಲಿ ಹಾಕು’ ಅಂದರು ಅಷ್ಟೆ.

ಆ ರಾತ್ರಿ ನಾನು ಮೊಬೈಲ್‌ನಲ್ಲಿ ಸೇವ್ ಮಾಡಿಟ್ಟಿದ್ದ ಫೋಟೊಗಳನ್ನು ತೆರೆದೆ. ನಿಮ್ಮ ಹತ್ತಿರವೂ ಅಂಥದ್ದೊಂದು ಫೋಲ್ಡರ್ ಇರುತ್ತದೆ. ನಾರ್ವೆಯ ಲೊಫೊಟೆನ್, ಬೊಲಿವಿಯಾದ ಉಯುನಿ, ಆಸ್ಟ್ರಿಯಾದ ಹಾಲ್‌ಸ್ಟಾಟ್, ಐಸ್‌ಲೆಂಡ್‌ನ ಕಣಿವೆಗಳು. ನಾಲ್ಕು ವರ್ಷದಿಂದ ಕೂಡಿಟ್ಟದ್ದು ಎಪ್ಪತ್ತಕ್ಕೂ ಹೆಚ್ಚು ಜಾಗ. ಬ್ಯಾಂಕಿನಲ್ಲಿ ಟ್ಯೂಷನ್ ಹೇಳಿ, ಇಂಟರ್ನ್‌ಶಿಪ್ ಮಾಡಿ ಕೂಡಿಟ್ಟದ್ದು 38,000 ರೂಪಾಯಿ. ಈ ಎರಡನ್ನೂ ಹೊಂದಿಸಿ ಅಪ್ಪನನ್ನು ಒಂದು ನಿಜವಾದ ಪರದೆಯ ಮುಂದೆ ನಿಲ್ಲಿಸಬೇಕು ಅನ್ನಿಸಿತು. ಎಂಜಿನಿಯರಿಂಗ್ ಓದುವವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ? ಎಕ್ಸೆಲ್ ಶೀಟ್ ತೆರೆಯುತ್ತಾರೆ.

ಮೊದಲ ಕಾಲಂ: ಯಾವಾಗ? ಜಾಗ ಅನ್ನುವುದು ನಕ್ಷೆಯ ಮೇಲಿನ ಚುಕ್ಕಿ ಮಾತ್ರ ಅಲ್ಲ, ಒಂದು ತಾರೀಕು ಕೂಡ ಹೌದು. ಇದನ್ನು ನನಗೆ ಕಲಿಸಿದ್ದು ಅಪ್ಪನ ಹಳೇ ಕಂಪ್ಯೂಟರಿನ ವಾಲ್‌ಪೇಪರ್. ವಿಂಡೋಸ್ ಎಕ್ಸ್‌ಪಿಯ ಆ ಹಸಿರು ಗುಡ್ಡ ನೆನಪಿದೆಯಲ್ಲ? ಅದನ್ನು ಯಾರೋ ಕಂಪ್ಯೂಟರಿನಲ್ಲೇ ಬಿಡಿಸಿದ್ದಾರೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಅದು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೊಮಾ ಎಂಬಲ್ಲಿ ಚಾರ್ಲ್ಸ್ ಓರಿಯರ್ ಫಿಲಂ ಕ್ಯಾಮೆರಾದಲ್ಲಿ ತೆಗೆದ ಫೋಟೊ. ಅಲ್ಲಿದ್ದ ದ್ರಾಕ್ಷಿ ಬಳ್ಳಿಗಳನ್ನು ಕೀಟದ ಕಾಟಕ್ಕೆ ಕಿತ್ತುಹಾಕಿದ್ದರಿಂದ ಆಗ ಗುಡ್ಡದ ತುಂಬ ಬರೀ ಹುಲ್ಲು. ಆಮೇಲೆ ಮತ್ತೆ ದ್ರಾಕ್ಷಿ ನೆಟ್ಟರು. ಇವತ್ತು ಅದೇ ಜಾಗಕ್ಕೆ ಹೋದರೆ ಆ ಫೋಟೊ ಸಿಗುವುದಿಲ್ಲ. ಉಯುನಿಯೂ ಹಾಗೆಯೇ. ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದಾದ ಆ ಉಪ್ಪಿನ ಬಯಲು ಆಕಾಶಕ್ಕೆ ಕನ್ನಡಿಯಾಗುವುದು ಮಳೆಗಾಲದಲ್ಲಿ, ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಮಿಕ್ಕ ದಿನ ಹೋದವರಿಗೆ ಒಣ ಉಪ್ಪು.

ಎರಡನೇ ಕಾಲಂ: ಬೆಳಕು. ನಮ್ಮ ಕಡೆ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಚಿನ್ನದ ಬಣ್ಣದ ಬೆಳಕು ಬಂತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಉತ್ತರ ಧ್ರುವವೃತ್ತದ ಆಚೆಗಿನ ಲೊಫೊಟೆನ್‌ನಲ್ಲಿ ಸೂರ್ಯ ದಿಗಂತಕ್ಕೆ ಓರೆಯಾಗಿ ಜಾರುತ್ತಾನೆ, ಹಾಗಾಗಿ ಅದೇ ಬೆಳಕು ಗಂಟೆಗಟ್ಟಲೆ ಉಳಿಯುತ್ತದೆ. ಆದರೆ ಅಲ್ಲಿಗೆ ಹೋಗುವ ವಿಮಾನದ ಟಿಕೆಟ್ ದರ ನೋಡಿ ಟ್ಯಾಬ್ ಮುಚ್ಚಿದೆ.

ಮೂರನೇ ಕಾಲಂ: ಜನ. ಹಾಲ್‌ಸ್ಟಾಟ್‌ನಲ್ಲಿ ವಾಸಿಸುವವರು ಎಂಟುನೂರಕ್ಕಿಂತ ಕಡಿಮೆ. ಅಲ್ಲಿಗೆ ಬರುವ ಪ್ರವಾಸಿಗರು ಕೆಲವು ದಿನ ಹತ್ತು ಸಾವಿರ ಮುಟ್ಟುತ್ತಾರೆ. ಸೆಲ್ಫಿ ಗಲಾಟೆ ತಾಳಲಾರದೆ 2023ರಲ್ಲಿ ಊರಿನವರು ನೋಟಕ್ಕೇ ಅಡ್ಡವಾಗಿ ಮರದ ಬೇಲಿ ಕಟ್ಟಿದ್ದರು, ಟೀಕೆ ಬಂದ ಮೇಲೆ ತೆಗೆದರು. ಥಾಯ್ಲೆಂಡಿನ ಮಾಯಾ ಬೇ ಒಂದು ಸಿನಿಮಾದಿಂದ ಹೆಸರು ಮಾಡಿತು. ಬಂದ ಜನರಿಂದ ಹವಳ ಹಾಳಾಗಿ 2018ರಲ್ಲಿ ಅದನ್ನು ಮುಚ್ಚಿ, 2022ರಲ್ಲಿ ಮತ್ತೆ ತೆರೆದರು. ಐಸ್‌ಲೆಂಡಿನ ಒಂದು ಕಣಿವೆ ಜಸ್ಟಿನ್ ಬೀಬರ್ ಹಾಡಿನಲ್ಲಿ ಕಾಣಿಸಿಕೊಂಡಿದ್ದೇ ತಡ, ಜನ ನುಗ್ಗಿ ಪಾಚಿಯೆಲ್ಲ ತುಳಿದು, 2019ರಲ್ಲಿ ಹಲವು ವಾರ ದಾರಿ ಬಂದ್ ಮಾಡಬೇಕಾಯಿತು. ಎಲ್ಲರೂ ಒಂದೇ ಫೋಟೊ ನೋಡಿ ಒಂದೇ ಜಾಗ ಆರಿಸಿಕೊಂಡರೆ ಆಗುವುದೇ ಇದು. ನನ್ನ ಫೋಲ್ಡರ್ ಕೂಡ ಆ ಸಾಲಿನಲ್ಲೇ ಇತ್ತು.

ನಾಲ್ಕನೇ ಕಾಲಂ ಯಾವ ಟ್ರಾವೆಲ್ ವಿಡಿಯೊದಲ್ಲೂ ಇರಲಿಲ್ಲ: ಅಪ್ಪನ ಮೊಣಕಾಲು ಮತ್ತು ಬಿಪಿ. ಉಯುನಿ ಇರುವುದು 3,650 ಮೀಟರ್ ಎತ್ತರದಲ್ಲಿ, ಅಲ್ಲಿ ಗಟ್ಟಿಮುಟ್ಟಾದವರಿಗೂ ಉಸಿರು ಕಟ್ಟುತ್ತದೆ. ಆ ಸಾಲನ್ನು ಅಳಿಸಿದೆ. ಚಾರಣ ಮಾಡಿ ತಲುಪಬೇಕಾದ ಜಾಗಗಳನ್ನೂ ಅಳಿಸಿದೆ. ನಮ್ಮ ಮನೆಯಲ್ಲಿ ಯಾರಿಗೂ ಪಾಸ್‌ಪೋರ್ಟ್ ಇಲ್ಲ ಎಂಬುದು ಆಮೇಲೆ ನೆನಪಾಯಿತು! ಎಪ್ಪತ್ತು ಸಾಲಿನಲ್ಲಿ ಕೊನೆಗೆ ಉಳಿದದ್ದು ಎರಡು: ಭೂತಾನ್ ಮತ್ತು ನೇಪಾಳ. ಎರಡಕ್ಕೂ ನಮಗೆ ಮತದಾರರ ಗುರುತಿನ ಚೀಟಿ ಸಾಕು. ಭೂತಾನ್‌ನಲ್ಲಿ ಭಾರತೀಯರೂ ಒಂದು ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ ಕಟ್ಟಬೇಕು. ಅಲ್ಲಿಗೆ ನೇಪಾಳ ಗೆದ್ದಿತು.

ಹೀಗೆ ಪೋಖರಾ ನನ್ನ ಶೀಟಿಗೆ ಬಂತು. ನನ್ನ ಫೋಲ್ಡರಿನಲ್ಲಿ ಅದರ ಒಂದು ಫೋಟೊ ಕೂಡ ಇರಲಿಲ್ಲ! ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಅಂದರೆ ಬೆಂಗಳೂರಿಗಿಂತಲೂ ತಗ್ಗು. ಆದರೆ ಅಲ್ಲಿಂದ ಕಣ್ಣೆತ್ತಿದರೆ ಎದುರಿಗೆ ಅನ್ನಪೂರ್ಣ ಶ್ರೇಣಿ, 8,091 ಮೀಟರಿನ ಶಿಖರವಿರುವ ಸಾಲು. ಫೇವಾ ಸರೋವರದ ನೀರಿನಲ್ಲಿ ಮಚ್ಚಾಪುಚ್ರೆ ಶಿಖರದ ನೆರಳು ಬೀಳುತ್ತದೆ. ಹೆಸರಿನ ಅರ್ಥ ಮೀನಿನ ಬಾಲ. ಪೋಖರಾದ ಕಡೆಯಿಂದ ಮಾತ್ರ ಅದು ಚೂಪಾದ ಗೋಪುರದ ಹಾಗೆ ಕಾಣುತ್ತದೆ, ಬಾಲದ ಕವಲು ಕಾಣಲು ಬೇರೆ ದಿಕ್ಕಿಗೆ ಹೋಗಬೇಕು. ಅದು ಪವಿತ್ರ ಶಿಖರ, ಹತ್ತಲು ಅನುಮತಿ ಇಲ್ಲ. 1957ರಲ್ಲಿ ಹೋದ ಬ್ರಿಟಿಷ್ ತಂಡವೂ ತುದಿ ಮುಟ್ಟದೆ ಸ್ವಲ್ಪ ಕೆಳಗೇ ನಿಂತು ವಾಪಸಾಯಿತು. ಸೂರ್ಯೋದಯಕ್ಕೆ ಹೆಸರಾದ ಸಾರಂಗ್‌ಕೋಟ್ ಗುಡ್ಡದ ನೆತ್ತಿಯ ಹತ್ತಿರದವರೆಗೆ ಟ್ಯಾಕ್ಸಿ ಹೋಗುತ್ತದೆ, 2021ರಿಂದ ಕೇಬಲ್ ಕಾರ್ ಕೂಡ ಇದೆ. ಮೊಣಕಾಲಿನ ಕಾಲಂನಲ್ಲಿ ಹಸಿರು ಬಣ್ಣ ತುಂಬಿದೆ. ಮಳೆ ಮುಗಿದು ಆಕಾಶ ತೊಳೆದಿಟ್ಟಂತಿರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಮದುವೆ ಸೀಸನ್ ಶುರುವಾಗುವುದಕ್ಕೆ ಮೊದಲು, ನನ್ನ ಅಟೆಂಡೆನ್ಸ್ ಕೆಡದ ಹಾಗೆ, ಅಕ್ಟೋಬರ್ ಕೊನೆಯ ವಾರ ಸರಿ ಅನ್ನಿಸಿತು. ಯಶವಂತಪುರದಿಂದ ಗೋರಖಪುರಕ್ಕೆ ಎರಡು ರಾತ್ರಿಯ ರೈಲು, ಅಲ್ಲಿಂದ ಸುನೌಲಿ ಗಡಿ ದಾಟಿ ಬಸ್ಸು.

ಶೀಟ್ ತೋರಿಸಿದಾಗ ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ‘ಚೆನ್ನಾಗಿ ಮಾಡಿದೀಯ ಕಣಮ್ಮ. ಆ ದುಡ್ಡಲ್ಲಿ ಒಳ್ಳೇ ಲ್ಯಾಪ್‌ಟಾಪ್ ತಗೋ, ಮುಂದಿನ ವರ್ಷ ಪ್ಲೇಸ್‌ಮೆಂಟ್‌ಗೆ ಬೇಕಾಗುತ್ತೆ’ ಅಂದರು.

ನನಗೆ ಕೋಪ ಬಂತು. ಆದರೆ ಅವರು ಹೇಳಿದ್ದು ಸುಳ್ಳೇನಲ್ಲ. ನನ್ನ ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಒಂದು ಕಾಫಿ ಕುಡಿದು ಮುಗಿಸಬಹುದು. ಕ್ಲಾಸಿನಲ್ಲಿ ಎಲ್ಲರೂ ಕೋರ್ಸು, ಸರ್ಟಿಫಿಕೇಟು ಅಂತ ಓಡುತ್ತಿದ್ದಾರೆ. ಇನ್ನೂ ಕೆಲಸ ಸಿಗದ ನಾನು ಇದ್ದ ದುಡ್ಡನ್ನೆಲ್ಲ ಒಂದು ಬೆಟ್ಟ ನೋಡಲು ಖರ್ಚು ಮಾಡುವುದು ಸರಿಯಾ? ಒಂದು ವಾರ ಇದೇ ತಲೆಯಲ್ಲಿ ಸುತ್ತಿತು. ಗೆಳತಿಯರಲ್ಲಿ ಇಬ್ಬರು ಹೋಗು ಅಂದರು, ಇಬ್ಬರು ಹುಚ್ಚು ಅಂದರು. ತೀರ್ಮಾನ ಕೊಟ್ಟವಳು ಅಡುಗೆಮನೆಯಲ್ಲಿದ್ದ ಅಮ್ಮ: ‘ಲ್ಯಾಪ್‌ಟಾಪು ಮುಂದಿನ ವರ್ಷವೂ ಅಂಗಡೀಲಿ ಇರುತ್ತೆ ಕಣ್ರೀ. ನಿಮ್ಮ ಮೊಣಕಾಲು ಹೀಗೇ ಇರುತ್ತೆ ಅಂತ ಯಾರು ಕಂಡಿದಾರೆ?’

ಹಳೇ ಲ್ಯಾಪ್‌ಟಾಪ್‌ಗೆ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಈಗ ಕಾಫಿ ಬಿಸಿ ಇರುವಾಗಲೇ ಆನ್ ಆಗುತ್ತದೆ, ಪ್ಲೇಸ್‌ಮೆಂಟ್‌ವರೆಗೆ ಎಳೆಯುತ್ತದೆ. ಮಿಕ್ಕ ದುಡ್ಡಿನಲ್ಲಿ ಮೂರು ಸ್ಲೀಪರ್ ಟಿಕೆಟ್ ಆಯಿತು, ಮೂರು ಎಂದರೆ ಅಮ್ಮನೂ ಸೇರಿ. ಇದರಿಂದ ನನ್ನ ರೆಸ್ಯೂಮೆಗೆ ಒಂದು ಸಾಲೂ ಸೇರುವುದಿಲ್ಲ. ಗೊತ್ತಿದ್ದೇ ಬುಕ್ ಮಾಡಿದ್ದೇನೆ.

ಟಿಕೆಟ್ ಆದ ಮೇಲೂ ಅಪ್ಪ ಏನೂ ಮಾತಾಡಲಿಲ್ಲ. ಮೊನ್ನೆ ರಾತ್ರಿ ಅಂಗಡಿಯಿಂದ ಬಂದವರು ಲೆನ್ಸ್ ಒರೆಸುತ್ತಾ ಕೂತು, ನನ್ನ ಕಡೆ ನೋಡದೆ ಕೇಳಿದರು, ‘ಅಲ್ಲಿ ಸೂರ್ಯ ಎಷ್ಟು ಗಂಟೆಗೆ ಹುಟ್ತಾನೆ?’

‘ಆ ವಾರ ಆರೂ ಕಾಲರ ಹತ್ತಿರ. ಅವರ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ ಅಪ್ಪ.’

‘ಬೆಟ್ಟದ ತುದಿಗೆ ಬೆಳಕು ಅದಕ್ಕಿಂತ ಮೊದಲೇ ಬೀಳುತ್ತೆ. ಐದಕ್ಕೇ ನಾವು ಮೇಲಿರಬೇಕು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಟ್ರೈಪಾಡ್ ನೀನೇ ಹೊರಬೇಕು, ಈಗಲೇ ಹೇಳಿದೀನಿ’ ಎಂದರು.